ಅತ್ತೆಯದಲ್ಲದ ಹಂದಿ

ಅಲೋಯಿಸ್ ತನ್ನ ಅತ್ತೆಯ ಹಂದಿಯನ್ನು ಹೊಡೆದು ಮೂರು ವರ್ಷವಾಗಿತ್ತು. ಈ ಮೂರು ವರ್ಷದಲ್ಲಿ ಯಾಮುಕ್ ಊರಿನಲ್ಲಿ ಏನೇನೋ ಆಗಿಹೋಗಿತ್ತು. ಇಬ್ಬರು ಹಿರಿಯರು ತೀರಿಕೊಂಡಿದ್ದರು, ಚರ್ಚಿನ ಮಾಡಿನ ತಗಡು ಗಾಳಿಗೆ ಎರಡು ಸಲ ಹಾರಿಹೋಗಿತ್ತು, ಕರಾವಳಿಯ ಪೇಟೆಗೆ ಹೋಗುವ ರಸ್ತೆ ಕುಸಿದು ಲಾರಿ ಬರುವುದೇ ನಿಂತಿತ್ತು. ಜನ ಇದನ್ನೆಲ್ಲ ಮರೆತಿದ್ದರು, ಹಂದಿಯನ್ನು ಮಾತ್ರ ಮರೆತಿರಲಿಲ್ಲ. ಊರ ಬಾಯಿಗೆ ಬೀಗ ಹಾಕುವವರು ಯಾರು?

ಗುರಿ ತಪ್ಪಿದ್ದರೆ ಯಾರೂ ಇಷ್ಟು ಆಡಿಕೊಳ್ಳುತ್ತಿರಲಿಲ್ಲ. ಗುರಿ ತಪ್ಪುವುದು ಎಲ್ಲರಿಗೂ ಉಂಟು. ಅಲೋಯಿಸನದು ತಪ್ಪಲಿಲ್ಲ. ಸಂಜೆಯ ಮಬ್ಬಿನಲ್ಲಿ, ಕೆಸುವಿನ ತೋಟದ ಅಂಚಿನ ಎತ್ತರದ ಹುಲ್ಲಿನೊಳಗೆ ಕಪ್ಪು ಬೆನ್ನೊಂದು ಅಲ್ಲಾಡಿತ್ತು. ಹದಿನೆಂಟು ಹೆಜ್ಜೆ ದೂರದಿಂದ ಅವನು ಬಿಟ್ಟ ಅಂಬು ಮುಂಗಾಲಿನ ಹಿಂದೆ ಪಕ್ಕೆಲುಬಿನ ಸಂದಿಯಲ್ಲಿ ಹೊಕ್ಕಿತು. ಅಂಥ ಹೊಡೆತ ಹೊಡೆಯುವವರು ಸುತ್ತಿನ ಏಳೂರಿನಲ್ಲಿ ಇನ್ನೊಬ್ಬರಿರಲಿಲ್ಲ. ಆಮೇಲೆ ಆ ಹಂದಿ ಕಾಡಿಗೆ ಓಡಬೇಕಿತ್ತು. ಅದು ಕಿರುಚುತ್ತಾ ಊರಿನ ಕಡೆ ಓಡಿತು. ಅಂಗಳ ದಾಟಿ, ಕಂಬಗಳ ಮೇಲೆ ನಿಂತಿದ್ದ ಒತ್ತೀಲಿಯಳ ಮನೆಯ ಅಡಿಗೆ ನುಗ್ಗಿ, ದಿನವೂ ತಾನು ಮಲಗುತ್ತಿದ್ದ ಜಾಗದಲ್ಲೇ ಮಲಗಿ ಪ್ರಾಣ ಬಿಟ್ಟಿತು. ಒತ್ತೀಲಿಯ ಎಂದರೆ ಅಲೋಯಿಸನ ಹೆಂಡತಿ ಸಬೀನಳ ತಾಯಿ. ಗಂಡ ತೀರಿಕೊಂಡ ಮೇಲೆ ತಾನು ಅಗಿದ ಗೆಣಸನ್ನೇ ಮರಿಯ ಬಾಯಿಗಿಟ್ಟು ಅದನ್ನು ಸಾಕಿದ್ದಳು.

ದೂರದ ಕಾಡಿನಲ್ಲಿ ಬೇಟೆ ಸುಲಭ. ಅಲ್ಲಿ ನಾಲ್ಕು ಕಾಲಿರುವುದೆಲ್ಲ ಕಾಡಿನದೇ. ಮನೆಯ ಹತ್ತಿರ ಹಾಗಲ್ಲ. ಊರ ಹಂದಿಗಳೂ ಹಗಲೆಲ್ಲ ಕಾಡಿನಲ್ಲಿ ಮೇದು ಸಂಜೆ ಮನೆಗೆ ಬರುತ್ತವೆ. ಬಣ್ಣವೂ ಒಂದೇ, ಮೈಗೆ ಮೆತ್ತಿದ ಕೆಸರೂ ಒಂದೇ. ಅದಕ್ಕೇ ಪ್ರತಿ ಮನೆಯವರು ತಮ್ಮ ಮರಿಗಳ ಕಿವಿಗೆ ತಮ್ಮದೊಂದು ಗುರುತು ಕೊಯ್ದಿರುತ್ತಾರೆ. ಕಿವಿ ನೋಡದೆ ಹೆದೆ ಎಳೆದವನು ಒಂದೋ ಕಳ್ಳ, ಇಲ್ಲವೇ ದಡ್ಡ. ಅಲೋಯಿಸ್ ಕಳ್ಳನಲ್ಲ ಎಂದು ಊರೆಲ್ಲ ಒಪ್ಪಿಕೊಂಡಿತ್ತು.

ಅವನು ತನ್ನ ಹಟ್ಟಿಯ ಒಂದೇ ಒಂದು ಹೆಣ್ಣುಹಂದಿಯನ್ನು ಅತ್ತೆಯ ಅಂಗಳಕ್ಕೆ ಹೊಡೆದುಕೊಂಡು ಹೋಗಿ ಕಟ್ಟಿ ಬಂದ. ಸಾಲದೆಂದು ಎಲ್ಲರ ಮುಂದೆ ಮಾತೂ ಕೊಟ್ಟ: ಊರ ಕೋಳಿ ಕೂಗಿದ್ದು ಕೇಳಿಸುವಷ್ಟು ದೂರದೊಳಗೆ ಇನ್ನು ಬಿಲ್ಲು ಎತ್ತುವುದಿಲ್ಲ. ಅಂದಿನಿಂದ ಅವನ ಕರಿತಾಳೆ ಮರದ ಬಿಲ್ಲು ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ಕುಡಿಯುತ್ತಾ ಬಿದ್ದಿತ್ತು. ದೂರದ ಕಾಡಿಗೆ ಹೋಗಬಹುದಿತ್ತು. ಹೋಗಲು ಮನಸ್ಸೇ ಬರಲಿಲ್ಲ. ನಲವತ್ತೆಂಟರ ಗಂಡಸು, ಬಿಲ್ಲು ಬಿಟ್ಟರೆ ಬೇರೇನೂ ಹೆಸರಿಲ್ಲದವನು, ಹೆಂಗಸರ ಜೊತೆ ಸೊಪ್ಪು ಕೊಯ್ದುಕೊಂಡಿದ್ದ.

ಆಡಿಕೊಳ್ಳುವವರಲ್ಲಿ ಮೊದಲಿಗ ಸಬೀನಳ ಅಣ್ಣ ಮೆಲ್ಕಿಯೋರ್. ಅಲ್ಲಿ ಹೆಂಡತಿಯ ಅಣ್ಣನೂ ತಂಗಿಯ ಗಂಡನೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯಬೇಕು, ಹೆಸರು ಹಿಡಿಯುವಂತಿಲ್ಲ. ಹೆಸರು ಹಿಡಿಯುವುದನ್ನು ಬಿಟ್ಟು ಮೆಲ್ಕಿಯೋರ್ ಉಳಿದಿದ್ದನ್ನೆಲ್ಲ ಅನ್ನುತ್ತಿದ್ದ.

"ಕಾಡ್ಹಂದಿ ಕಾಡಿಗೆ ಓಡ್ತದೆ, ಮನೆಹಂದಿ ಮನೆಗೆ ಓಡ್ತದೆ," ಎಂದು ಅಡಿಕೆ ಜಗಿಯುತ್ತಾ ಹೊಸಬರಿಗೆಲ್ಲ ಹೇಳುವನು. "ಯಾವ್ದು ಯಾವ್ದು ಅಂತ ಗೊತ್ತಾಗ್ಬೇಕು ಅಂದ್ರೆ ನಮ್ ಭಾವನ ಕೈಲಿ ಒಂದು ಅಂಬು ಹೊಡೆಸಿ ನೋಡ್ಬೇಕು."

ಅತ್ತೆ ಬಯ್ಯಲಿಲ್ಲ. ಬಯ್ಯುವಂತೆಯೂ ಇರಲಿಲ್ಲ. ಅತ್ತೆ ಅಳಿಯನ ಮುಖ ನೋಡಿ ಮಾತಾಡುವ ಪದ್ಧತಿ ಅಲ್ಲಿಲ್ಲ. ಹೇಳಬೇಕಾದ್ದನ್ನು ನಾಯಿಗೋ ಒಲೆಗೋ ಮನೆಯ ಕಂಬಕ್ಕೋ ಹೇಳಬೇಕು, ಅಳಿಯ ಕೇಳಿಸಿಕೊಳ್ಳಬೇಕು. ಮೂರು ವರ್ಷ ಒತ್ತೀಲಿಯ ನಾಯಿಗೆ ಬಹಳ ಹೇಳಿದ್ದಳು.

ಈ ವರ್ಷ ಗೆಣಸಿನ ಬಳ್ಳಿಗಳು ಗೂಟ ಹತ್ತಿ ಹರಡುವ ಹೊತ್ತಿಗೆ ಹಂದಿಯೊಂದು ತೋಟಗಳಿಗೆ ಬೀಳತೊಡಗಿತು. ಎಂಥ ಹಂದಿ! ಒಂದೇ ರಾತ್ರಿಗೆ ಬೇಲಿಯ ಆರು ಗೂಟ ಕಿತ್ತು, ಮೊಣಕಾಲುದ್ದ ಗುಂಡಿ ತೋಡಿ, ಗೆಣಸನ್ನು ಬೇರು ಸಮೇತ ಬಗೆದು ತಿಂದು ಹೋಗುತ್ತಿತ್ತು. ಮೂರು ತೋಟ ಹಾಳಾದವು. ಮೂರನೆಯದು ಮೆಲ್ಕಿಯೋರನದೇ. ಊರಿನಲ್ಲಿ ಒಂದು ಬಂದೂಕೂ ಇತ್ತು. ಆರು ವರ್ಷದಿಂದ ತೋಟಾ ಸಿಕ್ಕದೆ ಅದು ಹಿರಿಯ ಕಾಲಿಂಬಜ್ಜನ ಮನೆಯ ಮೂಲೆಯಲ್ಲಿ ಹರಿದ ಕೊಡೆಯ ಜೊತೆ ಒರಗಿ ನಿಂತಿತ್ತು. ಬಿಲ್ಲು ಹಿಡಿಯುವ ನಾಲ್ಕೈದು ಗಂಡಸರು ಕಾವಲು ಕೂತರು, ಹಂದಿಯನ್ನು ಕಂಡರು, ಹೊಡೆಯದೆ ಎದ್ದು ಬಂದರು.

"ಎಡಗಿವಿ ಕೊಯ್ದಿದೆ," ಎಂದರು. "ಯಾರ್ದೋ ಮನೇದು."

ಎಡಗಿವಿಯ ಅಂಚಿನಲ್ಲಿ ಒಂದು ಕಚ್ಚು ಒತ್ತೀಲಿಯಳ ಮನೆಯ ಗುರುತು. ಅವಳ ಗಂಡುಹಂದಿ ಬೂಂಬು ಎಂಟು ತಿಂಗಳ ಹಿಂದೆ ಕಾಡಿಗೆ ಹೋದದ್ದು ಹಿಂತಿರುಗಿರಲಿಲ್ಲ. ಇನ್ನೇನು ಬೇಕು? ಒಂದಕ್ಕೊಂದು ಸೇರಿಸಿ ಊರು ತೀರ್ಮಾನಕ್ಕೆ ಬಂತು: ಬೂಂಬು ಕಾಡು ಸೇರಿ ಪುಂಡನಾಗಿದ್ದಾನೆ. ಸಾಕಿದ ಹಂದಿ ಮಾಡಿದ ಹಾಳಿಗೆ ಸಾಕಿದವಳೇ ಹೊಣೆ. ಬರುವ ಭಾನುವಾರದೊಳಗೆ ಒತ್ತೀಲಿಯ ತನ್ನ ಹಂದಿಯನ್ನು ಹಿಡಿದು ಕಟ್ಟಬೇಕು, ಇಲ್ಲದಿದ್ದರೆ ಮನೆಯಲ್ಲಿರುವ ಹೆಣ್ಣುಹಂದಿಯನ್ನು ತೋಟ ಕಳೆದುಕೊಂಡವರಿಗೆ ಬಿಡಬೇಕು. ಆ ಹೆಣ್ಣುಹಂದಿಗೆ ಆಗ ಹೊಟ್ಟೆ ತುಂಬಾ ಮರಿ.

"ನನ್ ಬೂಂಬು ಬೇಲಿ ಮುರಿಯೋ ಜಾತಿ ಅಲ್ಲ," ಎಂದು ಮುದುಕಿ ಸಭೆಯಲ್ಲಿ ಎದ್ದು ನಿಂತು ಹೇಳಿದಳು. "ಕರೆದ್ರೆ ಬರೋನು, ಕೊಟ್ರೆ ತಿನ್ನೋನು. ಅದು ನನ್ದಲ್ಲ."

"ಎಲ್ಲಾ ತಾಯಂದ್ರೂ ಹಂಗೇ ಹೇಳೋದು," ಎಂದು ಯಾರೋ ಹಿಂದಿನಿಂದ ಕೂಗಿದರು. ಸಭೆ ನಕ್ಕಿತು. ಅವಳ ಮಗ ಮೆಲ್ಕಿಯೋರನೂ ನಕ್ಕ. ಅಲೋಯಿಸನಿಗೆ ನಗು ಬರಲಿಲ್ಲ. ನಗುವ ಜನದ ಮುಂದೆ ಒಬ್ಬರೇ ನಿಲ್ಲುವುದು ಹೇಗಿರುತ್ತದೆಂದು ಅವನಿಗೆ ಗೊತ್ತಿತ್ತು.

ಮರುದಿನ ಸಬೀನ ತಾಯಿಯ ಮನೆಯಿಂದ ಸಾಗು ಮರದ ಹಿಟ್ಟು ಹೊತ್ತು ತಂದವಳು ಬುಟ್ಟಿ ಇಳಿಸದೆ ಬಾಗಿಲಲ್ಲೇ ನಿಂತಳು.

"ಅಮ್ಮ ನಾಯಿಗೆ ಏನೋ ಹೇಳ್ತಾ ಇದ್ಲು," ಎಂದಳು.

"ಏನಂತೆ?"

"ಹೇಳ್ಲಾ? ಸಿಟ್ಟು ಮಾಡ್ಕೋಬಾರ್ದು."

"ಮೂರು ವರ್ಷದಿಂದ ಕೇಳಿದೀನಿ. ಇದೊಂದಕ್ಕೆ ಸಿಟ್ಟು ಬರ್ತದಾ? ಹೇಳು."

"ನನ್ ಹಂದಿ ಯಾವ್ದೋ ಅದನ್ನ ಸರಿಯಾಗಿ ನೋಡಿ ಹೊಡೆದ ಗಂಡಸಿಗೆ, ನನ್ದಲ್ಲದ್ದನ್ನ ಹೊಡಿಯೋಕೆ ಏನಾಗಿದೆ ಅಂತ ನಾಯಿನ ಕೇಳಿದ್ಲು."

ಅಲೋಯಿಸ್ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ಮುಗಿಸಿ ಅಟ್ಟದ ಕಡೆ ನೋಡಿದ. ಬಿಲ್ಲನ್ನು ಹೆಂಗಸರು ಮುಟ್ಟುವಂತಿಲ್ಲ. ಅದಕ್ಕೇ ಸಬೀನ ಬುಟ್ಟಿ ಕೆಳಗಿಟ್ಟು, ಬಿಲ್ಲಿಗೆ ಅಡ್ಡವಾಗಿ ನೇತುಹಾಕಿದ್ದ ಬಾಳೆಗೊನೆಯನ್ನು ಮಾತ್ರ ಸರಿಸಿದಳು.

ಸಂಜೆ ಅವನು ಕಾಲಿಂಬಜ್ಜನ ಅಂಗಳಕ್ಕೆ ಹೋದ. ಹತ್ತು ಹದಿನೈದು ಜನ ಅಡಿಕೆ ಸುಣ್ಣ ಹಾಕಿಕೊಂಡು ಕೂತಿದ್ದರು, ಮೆಲ್ಕಿಯೋರನೂ ಇದ್ದ.

"ಅಜ್ಜ, ನಾನು ಕೊಟ್ಟ ಮಾತು ನಂಗೇ ವಾಪಸ್ ಕೊಡು," ಎಂದ ಅಲೋಯಿಸ್. "ಆ ಹಂದಿ ಕಾಯ್ತೀನಿ. ಕಾಡಿಂದು ಅಂತ ನನ್ ಕಣ್ಣಿಗೆ ಗೊತ್ತಾದ್ರೆ ಹೊಡಿತೀನಿ. ಹೊಡೆದ ಮೇಲೆ ಅದು ಅತ್ತೆ ಮನೇದು ಅಂತ ಆದ್ರೆ, ಇದೇ ಅಂಗಳದಲ್ಲಿ ಎಲ್ಲರ ಮುಂದೆ ಬಿಲ್ಲು ಮುರಿದು ಒಲೆಗೆ ಹಾಕ್ತೀನಿ. ಇನ್ ಮೇಲೆ ಎಲ್ಲೂ ಹೊಡೆಯಲ್ಲ. ಕಾಡಲ್ಲೂ ಇಲ್ಲ, ಊರಲ್ಲೂ ಇಲ್ಲ."

ಜಗಿಯುತ್ತಿದ್ದ ಬಾಯಿಗಳು ನಿಂತವು. ಗಂಡಸು ತನ್ನ ಬಿಲ್ಲು ಮುರಿಯುವುದೆಂದರೆ ಬದುಕಿರುವಾಗಲೇ ತಿಥಿ ಮಾಡಿಸಿಕೊಂಡ ಹಾಗೆ.

"ಮುರಿಯೋಕೆ ಕಷ್ಟ ಆದ್ರೆ ಕರಿ ಭಾವ, ನಾನೂ ಒಂದು ಕೈ ಹಾಕ್ತೀನಿ," ಎಂದ ಮೆಲ್ಕಿಯೋರ್.

"ಸುಮ್ನಿರೋ, ಎಲುಬಿಲ್ಲದ ನಾಲಿಗೆಯವ್ನೇ," ಎಂದ ಕಾಲಿಂಬಜ್ಜ. ಅಲೋಯಿಸನ ಮುಖವನ್ನು ಬಹಳ ಹೊತ್ತು ನೋಡಿ, "ನಿನ್ ಮಾತು ನಿಂಗೆ ಕೊಟ್ಟಿದೀನಿ, ಹೋಗು," ಎಂದ.

ಮೊದಲ ಬೆಳಗ್ಗೆ ಅಲೋಯಿಸ್ ಮೆಲ್ಕಿಯೋರನ ಗೆಣಸಿನ ತೋಟದ ಒಳಗೆ ದೀವಿಹಲಸಿನ ಮರದ ಬುಡಕ್ಕೆ ಒರಗಿ ಕೂತ. ಅಲ್ಲಿಂದ ಅತ್ತೆಯ ಮನೆಗೆ ಐವತ್ತು ಹೆಜ್ಜೆಯೂ ಇಲ್ಲ. ಅವಳು ಕೆಮ್ಮಿದ್ದು ಕೇಳಿಸುತ್ತಿತ್ತು. ಹಂದಿ ಬಂತು. ಬಳ್ಳಿಗಳ ನಡುವೆ ತಲೆ ಮಾತ್ರ ಕಂಡಿತು. ಎಡಗಿವಿಯಲ್ಲಿ ಕಚ್ಚು ಇತ್ತು, ಅತ್ತೆ ಕೊಯ್ಯುವ ಜಾಗದಲ್ಲೇ ಇತ್ತು. ಅವನು ಹೆದೆ ಎಳೆಯಲಿಲ್ಲ. ಹಂದಿ ತಿಂದು ಹೋಯಿತು.

ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದ ಹಾಗಾಯಿತು. ಅವನು ಬರಿಗೈಯಲ್ಲಿ ಬರುವುದನ್ನು ನೋಡಿ ಬಾವಿಯ ಹತ್ತಿರದ ಹೆಂಗಸರು ಬಾಯಿಗೆ ಕೈ ಅಡ್ಡ ಹಿಡಿದರು. ಮೆಲ್ಕಿಯೋರ್ ಅಂತೂ ತನ್ನ ಹಾಳು ತೋಟದ ದುಃಖವನ್ನೇ ಮರೆತ.

"ಕಿವಿ ಕಂಡ್ಯಾ ಭಾವ?"

"ಕಂಡೆ."

"ಕಚ್ಚು ಇತ್ತಾ?"

"ಇತ್ತು."

"ಮತ್ತೆ! ಕೇಳ್ರಪ್ಪ ಎಲ್ರೂ," ಎಂದು ಮೆಲ್ಕಿಯೋರ್ ದನಿ ಏರಿಸಿದ. "ಬೂಂಬು ಮರಿ ಆಗಿದ್ದಾಗ ಅವ್ನ ಕಿವಿ ಕೊಯ್ದಿದ್ದು ಯಾರು? ನಾನು. ಬೀಜ ತೆಗೆದಿದ್ದು ಯಾರು? ನಾನು. ಇದೇ ಕೈ! ನನ್ ಕೈಕೆಲಸ ನಂಗೆ ಗೊತ್ತಾಗಲ್ವಾ?"

ಕೈಕೆಲಸದ ಮಾತು ಸುಳ್ಳಲ್ಲ. ಗಂಡುಮರಿಗಳ ಬೀಜ ತೆಗೆಯುವುದರಲ್ಲಿ ಮೆಲ್ಕಿಯೋರನನ್ನು ಮೀರಿಸುವವರಿಲ್ಲ. ಬಿದಿರಿನ ಚೂರಿಯಲ್ಲಿ ಎರಡು ಗೀರು, ಒಂದು ಹಿಡಿ ಬೂದಿ, ಮರಿ ಕಿರುಚುವುದರೊಳಗೆ ಕೆಲಸ ಮುಗಿದಿರುತ್ತದೆ. ಯಾಮುಕ್‌ನಲ್ಲಿ ಹಾಲು ಬಿಟ್ಟ ಗಂಡುಮರಿ ಒಂದನ್ನೂ ಹಾಗೇ ಉಳಿಸುವುದಿಲ್ಲ. ಉಳಿಸಿದರೆ ಪುಂಡಾಟ ಹೆಚ್ಚು, ಕೊಬ್ಬು ಕಡಿಮೆ. ಹೆಣ್ಣುಹಂದಿಗಳಿಗೆ ಮರಿಯಾಗುವುದು ಕಾಡಿನ ಗಂಡುಗಳಿಂದಲೇ. ಇದು ಊರಿನ ಕೂಸಿಗೂ ಗೊತ್ತಿರುವ ವಿಷಯ. ಎಲ್ಲರಿಗೂ ಗೊತ್ತಿರುವುದರಿಂದಲೇ ಯಾರಿಗೂ ಹೊಳೆದಿರಲಿಲ್ಲ.

ಅಲೋಯಿಸನಿಗೆ ಆಗ ಹೊಳೆಯಿತು. ಮೂರು ತಿಂಗಳಿಂದ ಇಡೀ ಊರು ಆ ಹಂದಿಯ ಮುಂಭಾಗ ನೋಡಿಕೊಂಡು ಕೂತಿದೆ. ಅದರ ಹಿಂಭಾಗ ಯಾರೂ ನೋಡಿಲ್ಲ. ಅವನು ಬಾಯಿ ಬಿಡಲಿಲ್ಲ. ಕಣ್ಣಾರೆ ಕಾಣುವವರೆಗೆ ಇದು ಬರಿಯ ಊಹೆ, ಊಹೆ ಮಾಡಿ ಅಂಬು ಬಿಟ್ಟದ್ದರ ಫಲವನ್ನು ಮೂರು ವರ್ಷ ಉಂಡಿದ್ದ. ಭಾವನ ಮಾತಿಗೆ ತಲೆ ಆಡಿಸಿ ಮನೆಗೆ ಹೋದ. ಅಂಬುಗಳನ್ನು ಹರವಿಕೊಂಡು, ಬಿದಿರಿನ ಅಗಲವಾದ ಅಲಗಿದ್ದ ಒಂದನ್ನು ಆರಿಸಿ, ಕೈಮೇಲಿನ ಕೂದಲು ಬೋಳಾಗುವವರೆಗೂ ಮಸೆದ.

ಮರುದಿನ ಅವನು ಇನ್ನೂ ಬೆಳಕು ಹರಿಯುವ ಮೊದಲೇ ಹೋಗಿ ಕೂತ. ಸುಣ್ಣದ ಬುರುಡೆಯಿಂದ ಚಿಟಿಕೆ ಸುಣ್ಣದ ಪುಡಿ ತೆಗೆದು ಗಾಳಿಗೆ ಬಿಟ್ಟ. ಪುಡಿ ಅವನ ಮುಖಕ್ಕೇ ಹಾರಿತು. ಒಳ್ಳೆಯದಾಯಿತು, ಗಾಳಿ ಕಾಡಿನ ಕಡೆಯಿಂದ ಇತ್ತು. ಬೆಳಕು ಬಂದಾಗ ಹಂದಿ ಆಗಲೇ ತೋಟದೊಳಗಿತ್ತು. ತಾನೇ ತೋಡಿದ ಗುಂಡಿಯಲ್ಲಿ ಮುಖವಿಟ್ಟು ಕಟಕಟನೆ ಅಗಿಯುತ್ತಿತ್ತು. ಅವನಿಗೂ ಅದಕ್ಕೂ ಹದಿನಾರು ಹೆಜ್ಜೆ. ಬೆನ್ನಿನ ಕೂದಲು ಪೊರಕೆಯಂತೆ ನಿಂತಿತ್ತು, ಕೋರೆಗಳು ಹಳದಿಯಾಗಿದ್ದವು. ಎಡಗಿವಿ ಇವನ ಕಡೆಗೇ ಇತ್ತು. ಎದೆಯೂ ಇವನ ಕಡೆಗೇ ತೆರೆದಿತ್ತು. ಯಾವ ಬೇಟೆಗಾರನೂ ಇದಕ್ಕಿಂತ ಒಳ್ಳೆಯ ಅವಕಾಶ ಬೇಡಲಾರ.

ಆಗ ತೋಟದ ಆಚೆ, ಕಾಡಿನ ಅಂಚಿನಲ್ಲಿ ಪೊದೆ ಅಲ್ಲಾಡಿತು. ಮೆಲ್ಕಿಯೋರ್! ಅವನ ಹಿಂದೆ ಹತ್ತು ಹನ್ನೆರಡು ಜನ, ನಾಯಿಗಳ ಬಾಯಿ ಅದುಮಿ ಹಿಡಿದುಕೊಂಡು ಬಗ್ಗಿ ಬಗ್ಗಿ ಬರುತ್ತಿದ್ದರು. ಮನೆಯಲ್ಲಿರಿ ಎಂದು ಅಲೋಯಿಸ್ ಮೊದಲೇ ಹೇಳಿದ್ದರೂ ತಮಾಷೆ ಬಿಟ್ಟಿರಲು ಅವರಿಗೆ ಆಗಿರಲಿಲ್ಲ. ಅಲೋಯಿಸನಿಗೆ ಮೈಯೆಲ್ಲ ಉರಿಯಿತು. ಹಂದಿ ತಲೆ ಎತ್ತಿ ಮೂಗು ಆಡಿಸಿ ಮತ್ತೆ ಗುಂಡಿಗೆ ಮುಖ ಹಾಕಿತು. ಊರಿನ ವಾಸನೆ, ಊರಿನ ಸದ್ದು ಅದಕ್ಕೆ ಒಗ್ಗಿಹೋಗಿತ್ತು.

ಮೆಲ್ಕಿಯೋರ್ ಅಲ್ಲಿಂದಲೇ ಕೈ ಬೀಸಿದ: ಹೊಡಿ, ಯಾಕೆ ಕಾಯ್ತಿದೀಯ? ಪಕ್ಕದವನು ಬಾಯಿ ಮುಚ್ಚಿ ನಕ್ಕ. ಅಲೋಯಿಸ್ ಹೊಡೆಯಲಿಲ್ಲ. ಬೆವರು ಕಣ್ಣಿಗೆ ಇಳಿಯಿತು, ಒರೆಸಿಕೊಳ್ಳಲಿಲ್ಲ. ಕಾಲು ಜೋಮು ಹಿಡಿಯಿತು, ಅಲ್ಲಾಡಿಸಲಿಲ್ಲ. ಹಂದಿ ತಿನ್ನುತ್ತಲೇ ಇತ್ತು. ಬಳ್ಳಿಯ ಗೂಟಗಳ ನೆರಳು ನೆಲದ ಮೇಲೆ ಬಿದ್ದು ಗಿಡ್ಡವಾಗುತ್ತಾ ಬಂತು. ತಿರುಗು, ಒಂದೇ ಒಂದು ಸಲ ತಿರುಗು ಎಂದು ಅವನು ಮನಸ್ಸಿನಲ್ಲೇ ಬೇಡಿಕೊಂಡ. ಹಂದಿಯನ್ನು ಹೀಗೆ ಗೋಗರೆದ ಬೇಟೆಗಾರ ಲೋಕದಲ್ಲಿ ಇನ್ನೊಬ್ಬನಿರಲಿಕ್ಕಿಲ್ಲ.

ಗುಂಡಿಯ ಗೆಣಸು ಮುಗಿಯಿತು. ಹಂದಿ ಒಂದು ಸಲ ಗುರುಗುಟ್ಟಿ ಇವನಿಗೆ ಬೆನ್ನು ತಿರುಗಿಸಿ ಇನ್ನೊಂದು ಬುಡಕ್ಕೆ ಬಾಯಿ ಹಾಕಿತು. ಬಾಲ ಎತ್ತಿ ನೊಣ ಓಡಿಸಿತು. ಬಾಲದ ಕೆಳಗೆ, ಬೆಳಗಿನ ಬಿಸಿಲಿನಲ್ಲಿ, ಎಳೆ ದೀವಿಹಲಸಿನ ಕಾಯಿಯಷ್ಟು ದೊಡ್ಡ ಎರಡು ಬೀಜ ಜೋತಾಡುತ್ತಿದ್ದವು.

ಇದು ಅತ್ತೆಯದಲ್ಲ. ಇದು ಯಾರದೂ ಅಲ್ಲ. ಕಿವಿಯಲ್ಲಿ ಹತ್ತು ಕಚ್ಚಿದ್ದರೂ ಇದು ಕಾಡಿನದೇ.

ಈಗ ಹೊಡೆಯುವಂತಿರಲಿಲ್ಲ. ಹಿಂದಿನಿಂದ ಹೊಡೆದರೆ ಅಂಬು ಮಾಂಸದಲ್ಲಿ ಸಿಕ್ಕಿಕೊಳ್ಳುತ್ತದೆ, ಹಂದಿ ಮೂರು ದಿನ ನರಳಿ ಸಾಯುತ್ತದೆ. ಅವನು ಉಸಿರು ಹಿಡಿದು ಹೆದೆ ಎಳೆದು ಕಾದ. ಮೂರು ವರ್ಷ ಎಳೆಯದ ತೋಳು ನಡುಗಿತು. ಆಚೆ ಒಂದು ನಾಯಿ ಹಿಡಿದವನ ಕೈ ಕೊಸರಿಕೊಂಡು ಬೊಗಳಿತು. ಹಂದಿ ಗಕ್ಕನೆ ಅಡ್ಡ ತಿರುಗಿ ತಲೆ ಎತ್ತಿತು. ತೋಳಿನ ನಡುಕ ಅದೇ ಕ್ಷಣ ನಿಂತಿತು. ಅಂಬು ಹೋದದ್ದು ಅವನಿಗೆ ಕಾಣಲಿಲ್ಲ. ಹೆದೆಯ ಸದ್ದು ಕೇಳಿತು, ಆಮೇಲೆ ಮುಂಗಾಲಿನ ಹಿಂದೆ ಅರ್ಧ ಕಡ್ಡಿ ಮಾತ್ರ ಹೊರಗಿದ್ದದ್ದು ಕಂಡಿತು.

ಹಂದಿ ಕಾಡಿನ ಕಡೆ ನಾಲ್ಕು ನೆಗೆತ ನೆಗೆಯಿತು. ಅಲ್ಲಿ ಮೆಲ್ಕಿಯೋರನ ದಂಡು ಎದ್ದು ನಿಂತು ಬೊಬ್ಬೆ ಹಾಕಿತು, ನಾಯಿಗಳೆಲ್ಲ ಬಿಡಿಸಿಕೊಂಡವು. ಹಂದಿ ಗರ್ರನೆ ತಿರುಗಿತು. ಬೇಲಿಯ ಸಂದಿಯಲ್ಲಿ ನುಗ್ಗಿ ಊರಿನೊಳಕ್ಕೆ ಓಡಿತು. ಒಣಹಾಕಿದ್ದ ತಂಬಾಕಿನ ಚಾಪೆ ತುಳಿದು, ಒಂದು ಪಾತ್ರೆ ಉರುಳಿಸಿ, ಅಂಗಳ ದಾಟಿ, ನೇರವಾಗಿ ಒತ್ತೀಲಿಯಳ ಮನೆಯ ಅಡಿಗೆ ಹೋಗಿ ಬಿತ್ತು. ಎರಡು ಸಲ ಕಾಲು ಒದರಿ ಸುಮ್ಮನಾಯಿತು.

ಒಬ್ಬ ಹೆಂಗಸು ನಿಟ್ಟುಸಿರಿನಂತೆ ಅಂದಳು: "ಅಯ್ಯೋ, ಮನೆಗೇ ಬಂತಲ್ಲ!"

ಅದೇ ಮನೆ, ಅದೇ ಜಾಗ. ಓಡಿ ಬಂದ ಅಲೋಯಿಸನ ಕಾಲು ಅಂಗಳದ ಮಧ್ಯೆ ನೆಟ್ಟುಹೋಯಿತು. ತಾನು ಕಂಡದ್ದು ನಿಜವೇ, ಆಸೆಯ ಕಣ್ಣಿಗೆ ಹಾಗೆ ಕಂಡಿತೇ ಎಂದು ಒಂದು ಗಳಿಗೆ ಅವನಿಗೇ ಅನುಮಾನ ಬಂತು. ಮೆಲ್ಕಿಯೋರ್ ಏದುಸಿರು ಬಿಡುತ್ತಾ ಬಂದ. ಅವನ ಮುಖದಲ್ಲಿ ಈಗ ನಗುವಿರಲಿಲ್ಲ, ಮರುಕವಿತ್ತು. ಅದು ನಗುವಿಗಿಂತ ಕೆಟ್ಟದಾಗಿತ್ತು.

"ಕೊಡು ಭಾವ," ಎಂದು ಬಿಲ್ಲಿಗೆ ಕೈ ಚಾಚಿದ. "ಬೇಗ ಮುಗಿಸ್ಬಿಡೋಣ."

ಮೆಟ್ಟಿಲ ಮೇಲೆ ಒತ್ತೀಲಿಯ ಕಂಬ ಹಿಡಿದು ನಿಂತಿದ್ದಳು. ಅಲೋಯಿಸ್ ಬಿಲ್ಲು ಕೊಡಲಿಲ್ಲ.

"ಅದ್ರ ಹಿಂಗಾಲು ಎತ್ತು," ಎಂದ.

"ಯಾಕೆ?"

"ಎತ್ತು ಭಾವ. ನಿನ್ ಕೈಕೆಲಸ ನಿಂಗೆ ಗೊತ್ತಾಗ್ತದೆ ಅಂದ್ಯಲ್ಲ, ನೋಡ್ಕೋ."

ಮೆಲ್ಕಿಯೋರ್ ಬಗ್ಗಿ ಹಂದಿಯ ಹಿಂಗಾಲು ಹಿಡಿದು ಎತ್ತಿದ. ಎತ್ತಿದವನು ಹಾಗೇ ಕಾಲು ಹಿಡಿದುಕೊಂಡೇ ನಿಂತ. ಜನ ಒಬ್ಬರ ಮೇಲೊಬ್ಬರು ಬಿದ್ದು ಇಣುಕಿದರು. ಮೊದಲು ದನಿ ಬಂದದ್ದು ಮುದುಕಿಯಿಂದ. ಅವಳು ಮೆಟ್ಟಿಲಿಳಿದು, ಬಗ್ಗಿ ನೋಡಿ, ಕಂಬವನ್ನು ತಬ್ಬಿಕೊಂಡು ಕಣ್ಣಲ್ಲಿ ನೀರು ಬರುವಂತೆ ನಕ್ಕಳು.

"ಕಂಬವೇ, ನೋಡ್ದ್ಯಾ? ನನ್ ಬೂಂಬುಗೆ ನನ್ ಮಗನೇ ಬೀಜ ತೆಗೆದಿದ್ದ. ತೆಗೆದಿದ್ದು ಮತ್ತೆ ಬಿಡೋಕೆ ಅದೇನು ಗೆಣಸಿನ ಬಳ್ಳಿನಾ?"

ನಗು ಅಂಗಳದಲ್ಲಿ ಮಡಕೆ ಒಡೆದಂತೆ ಒಡೆಯಿತು. ಕಾಲಿಂಬಜ್ಜ ಕೋಲೂರಿಕೊಂಡು ಬಂದು ಕಿವಿಯನ್ನು ಬೆರಳಲ್ಲಿ ಬಿಡಿಸಿ ನೋಡಿದ. ಹತ್ತಿರದಿಂದ ನೋಡಿದರೆ ಅದು ಚೂರಿಯ ಕಚ್ಚೇ ಅಲ್ಲ. ಅಂಚು ಹರಕು ಹರಕಾಗಿ, ಕೆಳಗೆ ನಾಯಿಯ ಕೋರೆಹಲ್ಲು ನಟ್ಟ ಹಳೆಯ ಕಲೆ ಇತ್ತು. ಅಜ್ಜ ಕಿವಿ ಬಿಟ್ಟು ಮೆಲ್ಕಿಯೋರನ ಕಡೆ ತಿರುಗಿದ.

"ಹೇಳಪ್ಪ. ಒಂದೋ ಇದು ನಿಮ್ಮಮ್ಮನ ಹಂದಿ ಅಲ್ಲ, ಇಲ್ಲಾಂದ್ರೆ ನಿಂಗೆ ಬೀಜ ತೆಗಿಯೋಕೆ ಬರಲ್ಲ. ಯಾವ್ದು ಅಂತ ಊರಿಗೆ ಹೇಳ್ಲಿ?"

ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನ ಹಾಗಾಯಿತು ಮೆಲ್ಕಿಯೋರನ ಪಾಡು. ಅತ್ತ ನೋಡಿದ, ಇತ್ತ ನೋಡಿದ, ತಲೆ ಕೆರೆದುಕೊಂಡ.

"ಕಾಡ್ಹಂದಿನೇ ಕಣಜ್ಜ," ಎಂದ ಕೊನೆಗೆ.

"ಜೋರಾಗಿ!" ಎಂದು ಹೆಂಗಸರು ಕೂಗಿದರು.

"ಕಾಡ್ಹಂದಿ! ಕಾಡ್ಹಂದಿ! ನಮ್ ಭಾವ ಕಾಡ್ಹಂದಿ ಹೊಡ್ದ, ಸಾಕಾ?"

"ಮನೆ ಕಡೆ ಯಾಕೆ ಓಡ್ತು ಮತ್ತೆ?" ಎಂದು ಇನ್ನೂ ಬಿಡದ ಒಬ್ಬ ಕೇಳಿದ.

"ಕಾಡಿನ ದಾರೀಲಿ ಹನ್ನೆರಡು ಪೆದ್ದರು ಕೂತಿದ್ರೆ ಇನ್ನೆಲ್ಲಿಗೆ ಓಡ್ತದೆ?" ಎಂದ ಅಜ್ಜ.

ಮೆಲ್ಕಿಯೋರನಲ್ಲಿ ಒಂದು ಒಳ್ಳೆಯ ಗುಣವಿತ್ತು: ಸೋತರೆ ಪೂರ್ತಿಯಾಗಿ ಸೋಲುತ್ತಿದ್ದ. ಅವನು ಹಂದಿಯ ಕಾಲು ಬಿಟ್ಟು, ಯಾರೂ ಹೇಳುವ ಮೊದಲೇ, ಅಂಗಳದ ಮೂಲೆಯ ಮರದ ನಗಾರಿಯ ಹತ್ತಿರ ಹೋಗಿ ಬಡಿಯುವ ಕೋಲು ಎತ್ತಿಕೊಂಡ. ಹಂದಿ ಬಿದ್ದ ದಿನ ಹೊಡೆದವನ ಕರೆಯನ್ನು ನಗಾರಿಯಲ್ಲಿ ಬಾರಿಸಬೇಕು, ಅದನ್ನು ಬಾರಿಸಬೇಕಾದವನು ಹೆಂಡತಿಯ ಅಣ್ಣನೇ. ಒಬ್ಬೊಬ್ಬ ಗಂಡಸಿಗೂ ಅವನದೇ ಒಂದು ಬಡಿತವಿರುತ್ತದೆ. ಅಲೋಯಿಸನದು ಎರಡು ಉದ್ದ, ಮೂರು ಗಿಡ್ಡ, ಮತ್ತೊಂದು ಉದ್ದ. ಅದು ಕಣಿವೆಗೆ ಇಳಿಯಿತು, ಆಚೆ ಬೆಟ್ಟಕ್ಕೆ ಹತ್ತಿತು. ಸ್ವಲ್ಪ ಹೊತ್ತಿಗೆ ಆಚೆ ಊರಿನ ನಗಾರಿ ಅದನ್ನೇ ಎತ್ತಿಕೊಂಡಿತು, ಅದರಾಚೆಯ ಊರು ಮತ್ತೆ ಎತ್ತಿಕೊಂಡಿತು. ಏಳೂರಿಗೆ ಗೊತ್ತಾಯಿತು. ಅಲೋಯಿಸನಿಗೆ ಅಳು ಬಂತು, ಎಲ್ಲರ ಮುಂದೆಯೇ ಅತ್ತ. ಸಬೀನ ಜನರ ನಡುವೆ ದಾರಿ ಮಾಡಿಕೊಂಡು ಬಂದು ಅವನ ತೋಳು ಹಿಡಿದಳು.

"ಕೈ ಇನ್ನೂ ನಡುಗ್ತಾ ಇದೆ," ಎಂದಳು.

"ಹೊಡಿಯೋವಾಗ ನಡುಗ್ಲಿಲ್ಲ."

"ಗೊತ್ತು. ನಾನೂ ಬೇಲಿ ಸಂದೀಲಿ ನೋಡ್ತಿದ್ದೆ."

ಮಧ್ಯಾಹ್ನಕ್ಕೆ ಕಾದ ಕಲ್ಲುಗಳ ಮೇಲೆ ಬಾಳೆಲೆ ಹಾಸಿ, ಮಾಂಸ ಜೋಡಿಸಿ, ಮೇಲೆ ಮಣ್ಣು ಮುಚ್ಚಿದರು. ಬಿಚ್ಚಿದಾಗ ಬಂದ ಘಮಕ್ಕೆ ಕಾಯಿಲೆಯಲ್ಲಿ ಮಲಗಿದ್ದವರೂ ಎದ್ದು ಬಂದರು. ತೋಟ ಕಳೆದುಕೊಂಡ ಮೂರು ಮನೆಗೆ ಮೊದಲ ಪಾಲು, ಹಿಂದೊಡೆ ಒತ್ತೀಲಿಯಳಿಗೆ, ತಲೆ ಕಾಲಿಂಬಜ್ಜನಿಗೆ. ಮೆಲ್ಕಿಯೋರ್ ಪಕ್ಕೆಲುಬು ಹಿಡಿದು ಕೂತ. ಅವನ ಗಡ್ಡದಿಂದ ಕೊಬ್ಬು ತೊಟ್ಟಿಕ್ಕುತ್ತಿತ್ತು.

ಹೊಡೆದವನಿಗೆ ಪಾಲಿಲ್ಲ. ತಾನು ಹೊಡೆದದ್ದನ್ನು ತಾನು ತಿನ್ನಬಾರದು, ತಿಂದರೆ ಕೈಯ ಗುರಿ ಹೋಗುತ್ತದೆ. ಅಲೋಯಿಸ್ ಎಲ್ಲರ ನಡುವೆ ಒಂದು ಸುಟ್ಟ ಕೆಸುವಿನ ಗಡ್ಡೆ ಹಿಡಿದು ಕೂತಿದ್ದ. ಬಾಯಲ್ಲಿ ನೀರೂರುತ್ತಿತ್ತು. ಮೂರು ವರ್ಷದಿಂದ ಊರಿನಲ್ಲಿ ಬಿದ್ದ ಪ್ರತಿ ಹಂದಿಯಲ್ಲೂ ಅವನಿಗೆ ಪಾಲು ಸಿಕ್ಕಿತ್ತು. ಅದರಲ್ಲಿ ಒಂದು ತುಂಡೂ ಅವನಿಗೆ ಸರಿಯಾಗಿ ಇಳಿದಿರಲಿಲ್ಲ.

"ಹೆಂಗಿದೆ ಭಾವ?" ಎಂದು ಕೇಳಿದ.

"ಉಪ್ಪು ಕಮ್ಮಿ," ಎಂದ ಮೆಲ್ಕಿಯೋರ್ ತುಂಬಿದ ಬಾಯಲ್ಲಿ. "ನೀನು ತಿಂದು ನೋಡಿದ್ರೆ ಗೊತ್ತಾಗೋದು. ಪಾಪ!"

ಒತ್ತೀಲಿಯ ತನ್ನ ಪಾಲನ್ನು ಎಲೆಯಲ್ಲಿ ಕಟ್ಟಿ ಪಕ್ಕಕ್ಕಿಟ್ಟು ಕೂತಿದ್ದಳು. "ನನ್ ಬೂಂಬು ಯಾವೂರ ಒಲೇಲಿ ಬೆಂದ್ನೋ," ಎಂದು ಒಂದು ಸಲ ತನ್ನಷ್ಟಕ್ಕೆ ಅಂದುಕೊಂಡಳು. ಆಮೇಲೆ ಗಂಟಲು ಸರಿಮಾಡಿಕೊಂಡು ಕಂಬಕ್ಕೆ ಹೇಳಿದಳು:

"ಕಂಬವೇ, ನಮ್ ಹೆಣ್ಣುಹಂದಿ ಈ ಅಮಾವಾಸ್ಯೆ ಒಳಗೆ ಮರಿ ಹಾಕ್ತದೆ. ಈ ಸಲ ಮರಿಗಳ ಕಿವಿಗೆ ಗುರುತು ಹಾಕೋಕೆ ನನ್ ಮಗ ಬೇಡ. ಹೊಡಿಯೋನೇ ಬರ್ಲಿ. ಅವ್ನ ಕಣ್ಣಿಗೆ ದೂರದಿಂದ ಯಾವ ಗುರುತು ಚೆನ್ನಾಗಿ ಕಾಣ್ತದೋ ಅದನ್ನೇ ಕೊಯ್ಲಿ. ಒಂದು ಹೆಣ್ಣುಮರಿಗೆ ಅವ್ನ ಮನೆ ಗುರುತು ಹಾಕ್ಕೊಳ್ಲಿ ಅಂತ್ಲೂ ಹೇಳು."

ಎಲ್ಲರೂ ಅಲೋಯಿಸನ ಕಡೆ ನೋಡಿದರು. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಅತ್ತೆಯ ಮಾತಿಗೆ ಅವನು ಒಂದು ಸಲವೂ ಮರುಮಾತು ಆಡಿದವನಲ್ಲ. ಅವನು ಕೈಲಿದ್ದ ಗಡ್ಡೆ ಕೆಳಗಿಟ್ಟು, ಅದೇ ಕಂಬದ ಕಡೆ ಮುಖ ಮಾಡಿದ.

"ಕಂಬವೇ," ಎಂದ, "ಬರ್ತೀನಿ ಅಂತ ಹೇಳು."

ಮುದುಕಿ ತಲೆ ತಗ್ಗಿಸಿ ಎಲೆಯ ಗಂಟನ್ನು ಬಿಚ್ಚಿ ಉಣ್ಣಲು ಕೂತಳು. ಅಲೋಯಿಸ್ ಗಡ್ಡೆಯ ಸುಟ್ಟ ಸಿಪ್ಪೆ ಸುಲಿದು, ಉಪ್ಪು ಸವರಿ, ನಿಧಾನವಾಗಿ ಪೂರ್ತಿ ತಿಂದ.